ಮಲಗಿಸಿದ ಕೈ

ಗುಲಾಬಿಗೆ ಮಣ್ಣು ಮುಚ್ಚಿದೆವು ಎಂಬ ಮಾತನ್ನು ನಮ್ಮೂರಿನಲ್ಲಿ ಯಾರೂ ಆಡುವುದಿಲ್ಲ. ಮಲಗಿಸಿದೆವು ಎನ್ನುತ್ತಾರೆ. ನವೆಂಬರಿನ ಸಂತ ಮಾರ್ಟಿನನ ಹಬ್ಬಕ್ಕೆ ಹೆಬ್ಬಾತಿನ ಮಾಂಸವುಂಡು, ಹೊಸ ದ್ರಾಕ್ಷಾರಸದ ರುಚಿ ನೋಡಿ ಮುಗಿಸಿದ ವಾರದಲ್ಲಿ ಮಾರೋಶ್ ನದಿಯ ಮಂಜು ತೋಟಗಳೊಳಕ್ಕೆ ನುಗ್ಗತೊಡಗುತ್ತದೆ. ಆಗ ಊರಿಗೆ ಊರೇ ಮಂಡಿಯೂರುತ್ತದೆ. ಎದೆಯೆತ್ತರದ ಒಂಟಿ ಕಾಂಡದ ಮೇಲೆ ಕೊಡೆಯಂತೆ ತಲೆ ಬಿಚ್ಚಿ ನಿಂತ ಗುಲಾಬಿಗಳ ಎಲೆ ಕಿತ್ತು, ಎಳೆಯ ತುದಿಗಳನ್ನು ಸವರಿ, ತಲೆಯನ್ನು ಗೋಣಿದಾರದಿಂದ ಬಿಗಿದು, ಕಾಂಡವನ್ನು ಮೆಲ್ಲಮೆಲ್ಲನೆ ನೆಲದತ್ತ ಬಗ್ಗಿಸಿ, ಕವಲುಗೂಟ ಬಡಿದು, ತಲೆಯ ಮೇಲೆ ಮಣ್ಣೇರಿಸುತ್ತಾರೆ. ಕಾಂಡ ಕಾಡುಗುಲಾಬಿಯದು, ಅದಕ್ಕೆ ಚಳಿಯ ಭಯವಿಲ್ಲ. ಸಾಯುವುದು ಅದರ ನೆತ್ತಿಯ ಮೇಲೆ ಕಸಿ ಕಟ್ಟಿದ ಸುಕುಮಾರ ಗುಲಾಬಿ. ಸಂಜೆಯ ಹೊತ್ತಿಗೆ ಪ್ರತಿ ಅಂಗಳದಲ್ಲಿಯೂ ಸಾಲುಸಾಲು ದಿಬ್ಬಗಳು ಎದ್ದಿರುತ್ತವೆ, ಒಂದೊಂದೂ ಕೂಸಿನ ಗೋರಿಯಷ್ಟು.

ಮಲಗಿಸಿದ ಕೈಯೇ ವಸಂತದಲ್ಲಿ ಎಬ್ಬಿಸಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ನಿಯಮ. ಮಾರ್ಚ್ ನಡುವೆ ಬರುವ ಸಂತ ಜೋಸೆಫನ ಹಬ್ಬದ ದಿನ ಅವರವರ ಗುಲಾಬಿಯನ್ನು ಅವರವರೇ ಮಣ್ಣಿನಿಂದ ಬಿಡಿಸುತ್ತಾರೆ. ಒಬ್ಬರು ಮಲಗಿಸಿದ್ದನ್ನು ಇನ್ನೊಬ್ಬರು ಎಬ್ಬಿಸಿದರೆ, ಎಬ್ಬಿಸಿದವರ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಬ್ಬರು ಮಲಗುತ್ತಾರೆ ಎಂದು ನಂಬಿಕೆ. ಹೊರಗಿನಿಂದ ಬಂದ ಪಾದ್ರಿಗಳು ಇದನ್ನು ಕೇಳಿ ನಗುತ್ತಿದ್ದರು. ಆದರೆ ಚರ್ಚಿನ ಗಂಟೆ ಬಾರಿಸುತ್ತಿದ್ದ ಲೊರಿಂಟ್ಸ್ ಮುದುಕ ಚಳಿಗಾಲದ ನಡುವೆ ತೀರಿಕೊಂಡಾಗ, ಅವನ ಸೊಸೆ ಗಿಡ ಕೊಳೆಯಬಾರದೆಂದು ಮಾವನ ಗುಲಾಬಿಯನ್ನು ಎಬ್ಬಿಸಿದಳು. ಕೊಯ್ಲಿನ ಕಾಲಕ್ಕೆ ಅವಳ ಗಂಡ ಹುಲ್ಲಿನ ಬಂಡಿಯ ಮೇಲಿಂದ ಬಿದ್ದು ಸತ್ತ. ಅಲ್ಲಿಂದೀಚೆಗೆ ಚಳಿಗಾಲದಲ್ಲಿ ಸತ್ತವರ ಗುಲಾಬಿಗಳನ್ನು ಯಾರೂ ಮುಟ್ಟಿದ್ದಿಲ್ಲ. ಅವು ಮಣ್ಣಿನೊಳಗೆ ಮೊಳೆತು, ಬಿಳಿಚಿ, ಕೊಳೆಯುತ್ತವೆ. ಊರಿನಲ್ಲಿ ಅಂಥ ಬಿಚ್ಚದ ದಿಬ್ಬಗಳು ಅಲ್ಲೊಂದು ಇಲ್ಲೊಂದು ಇವೆ. ಹುಲ್ಲು ಬೆಳೆದು ನೆಲಕ್ಕೆ ಸಮನಾದರೂ ಅವುಗಳ ಮೇಲೆ ಬಟ್ಟೆ ಒಣಗಿಸುವವರಿಲ್ಲ.

ವೆಂಡೆಲ್ ಮಲಗಿಸುತ್ತಿದ್ದುದು ಒಂದೇ ಗಿಡವನ್ನು. ಸುತ್ತಲ ಹಳ್ಳಿಗಳಲ್ಲೆಲ್ಲ ಗುಲಾಬಿಯ ಚಿಗುರುಕಣ್ಣು ಕಸಿ ಕಟ್ಟಿ ಬಾಳಿದವನಿಗೆ ತನ್ನ ಅಂಗಳದಲ್ಲಿ ಒಂದೇ ಗಿಡ; ಅದೂ ತಾನೇ ಬೀಜದಿಂದ ಬೆಳೆಸಿ, ಕಾಡುಗುಲಾಬಿಯ ಮೇಲೆ ಕೂರಿಸಿದ್ದು. ಹೂವು ಕೆಂಪೆಂದರೆ ಕೆಂಪಲ್ಲ, ಆರಿದ ರಕ್ತದ ಬಣ್ಣ. ಕಸಿಗೆ ಒಂದು ಕಣ್ಣು ಕೊಡೆಂದು ಕೇಳಿದವರಿಗೆ, "ನನ್ನ ಕಣ್ಣು ಬೇಕಾದ್ರೆ ಕಿತ್ಕೊಂಡು ಹೋಗಿ, ಅದರದ್ದು ಕೊಡಲ್ಲ" ಎನ್ನುತ್ತಿದ್ದ. ಮದುವೆಯಾಗಲಿಲ್ಲ. ತಂಗಿ ಎಟೆಲ್ಕಾ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ ತವರಿಗೆ ಮರಳಿದ ಮೇಲೆ ಇಬ್ಬರೂ ಒಂದೇ ಒಲೆಯ ಮುಂದೆ ನಲವತ್ತು ವರ್ಷ ಜಗಳವಾಡಿಕೊಂಡು ಬಾಳಿದರು. ಅವರಿಗೆ ಬೇರೆ ಯಾರೂ ಇರಲಿಲ್ಲ. ಬೇಕೆಂದು ಅನ್ನಿಸಿದಂತೆಯೂ ಇರಲಿಲ್ಲ.

ಆ ಶರತ್ಕಾಲದಲ್ಲಿ ವೆಂಡೆಲನ ಎದೆ ಕೆಟ್ಟಿತು. ಪೇಟೆಯ ವೈದ್ಯ ಅವನ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, ಎಟೆಲ್ಕಾಳನ್ನು ಬಾಗಿಲ ಹೊರಗೆ ಕರೆದು, "ಗಾಳಿಗೆ ಬಿಡಬೇಡಿ. ವಸಂತದ ತನಕ ಬೆಚ್ಚಗಿಟ್ಟುಕೊಂಡರೆ ಆಮೇಲೆ ನೋಡೋಣ" ಎಂದ. ಆ ಮಾತಿನ ಅರ್ಥ ಅವಳಿಗೆ ತಿಳಿಯಿತು. ಅಂದಿನಿಂದ ಅವಳಿಗೆ ವಸಂತವೊಂದೇ ಗುರಿಯಾಯಿತು. ಅಣ್ಣನನ್ನು ಜೋಸೆಫನ ಹಬ್ಬದ ಆಚೆಗೆ ದಾಟಿಸಬೇಕು. ಅದರಾಚೆಯ ಮಾತು ದೇವರದು.

ಮಾರ್ಟಿನನ ಹಬ್ಬ ಕಳೆದ ಮರುದಿನ ಬೇಲಿಯಾಚೆಯ ಅಂಬ್ರುಶ್ ಸನಿಕೆ ಹೆಗಲ ಮೇಲಿಟ್ಟುಕೊಂಡು ಬಂದ. ಅವನೂ ಕಸಿ ಕಟ್ಟುವವನೇ. ವೆಂಡೆಲನ ಕೈಯಲ್ಲಿ ಕಲಿತವನು, ಈಗ ಐವತ್ತು ದಾಟಿದವನು.

"ವೆಂಡೆಲಣ್ಣ, ಈ ಸಲ ನೀವು ಒಳಗೆ ಕೂತಿರಿ. ನಾನು ಮಲಗಿಸ್ತೀನಿ. ಮಾರ್ಚ್‌ಗೆ ನಾನೇ ಬಂದು ಎಬ್ಬಿಸ್ತೀನಿ. ಯಾರಿಗೂ ತಂಟೆ ಇಲ್ಲ."

"ನೀನು ಮಲಗಿಸಿದ್ರೆ ಗುಲಾಬಿ ಮಲಗಿದ ಹಾಗಿರಲ್ಲ ಕಣೋ, ಕುಡುಕ ಚರಂಡಿಗೆ ಬಿದ್ದ ಹಾಗಿರುತ್ತೆ" ಎಂದ ವೆಂಡೆಲ್.

"ಕಲಿಸಿದೋರು ಹಾಗಿದ್ರು, ನಾನೇನ್ ಮಾಡ್ಲಿ?"

ಗಾಳಿಗೆ ಬಿಡಬಾರದೆಂದು ವೈದ್ಯ ಹೇಳಿದ್ದು ಎಟೆಲ್ಕಾಳಿಗೆ ನೆನಪಿತ್ತು. ಆದರೂ ಅವಳು ತಾನಾಗಿಯೇ ಕುರಿಚರ್ಮದ ನಿಲುವಂಗಿ ತಂದು ಅಣ್ಣನಿಗೆ ಹೊದಿಸಿ, "ಅವನೇ ಮಲಗಿಸಲಿ ಬಿಡು, ಅಂಬ್ರುಶ್. ಬೇರೆಯವರ ಕೈ ಹೋಗೋದು ಬೇಡ" ಎಂದಳು. ಮಲಗಿಸಿದವನು ಎಬ್ಬಿಸಲೇಬೇಕು. ಎಬ್ಬಿಸಬೇಕಾದವನು ಬದುಕಿರಲೇಬೇಕು. ಅವಳ ಮನಸ್ಸು ಆ ನಿಯಮವನ್ನು ಹೀಗೆ ತಿರುವಿ ಹಿಡಿದುಕೊಂಡಿತ್ತು. ಹಗ್ಗದ ಒಂದು ತುದಿಯನ್ನು ಗಿಡಕ್ಕೂ ಇನ್ನೊಂದನ್ನು ಅಣ್ಣನ ಸೊಂಟಕ್ಕೂ ಕಟ್ಟಿದಂತೆ.

ವೆಂಡೆಲ್ ನಿಲುವಂಗಿಯನ್ನು ಬೆಂಚಿನ ಮೇಲೆ ಕಳಚಿಟ್ಟು ಮಂಡಿಯೂರಿದ. ಬುಡದ ಮಣ್ಣು ಕೆದಕಿ ಕಾಂಡದ ಒಂದು ಪಕ್ಕದಲ್ಲಿದ್ದ ಗಂಟನ್ನು ಬೆರಳಿನಿಂದ ತಡವಿ ನೋಡಿದ. ಆ ಗಂಟಿಗೆ ನಾವು ಹೆಗಲು ಎನ್ನುತ್ತೇವೆ. ಪ್ರತಿ ಗಿಡಕ್ಕೂ ಒಂದು ಹೆಗಲಿರುತ್ತದೆ. ಬಗ್ಗಿಸುವಾಗ ಅದರ ಮೇಲೆಯೇ ಬಗ್ಗಿಸಬೇಕು. ಬೇರೆ ಕಡೆಗೆ ಎಳೆದರೆ ಕಾಂಡ ಬೇರಿನಿಂದ ಸಿಗಿದು ಬರುತ್ತದೆ. ಈ ಗಿಡದ ಹೆಗಲು ಬಾವಿಯ ಕಡೆಗಿತ್ತು. ವೆಂಡೆಲ್ ಕಾಂಡವನ್ನು ಎರಡೂ ಕೈಗಳಿಂದ ಹಿಡಿದು, ಹಟದ ಮಗುವನ್ನು ಮಲಗಿಸುವಂತೆ, ಒಮ್ಮೆ ಒತ್ತಿ ಒಮ್ಮೆ ಸಡಿಲಿಸಿ, ಬಾವಿಯತ್ತ ಇಳಿಸಿದ. ಮಣ್ಣೇರಿಸಿದ ಮೇಲೆ ಬಹಳ ಹೊತ್ತು ಕೆಮ್ಮಿದ. ಕರವಸ್ತ್ರವನ್ನು ಮಡಚಿ ತಂಗಿಗೆ ಕಾಣದಂತೆ ತೋಳಿನೊಳಗೆ ತುರುಕಿಕೊಂಡ. ಅದರ ಮೇಲಿನ ಕಲೆ ಅವಳಿಗೆ ಕಂಡಿತು. ಆ ಕಲೆಯ ಬಣ್ಣವನ್ನು ಅವಳು ಗುಲಾಬಿ ಅರಳುವ ಪ್ರತಿ ಜೂನ್ ತಿಂಗಳಲ್ಲಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು.

ಚಳಿಗಾಲ ತನ್ನ ಕೆಲಸವನ್ನು ಮಾಡಿತು. ಕ್ರಿಸ್‌ಮಸ್ಸಿಗೆ ಗಸಗಸೆಯ ಸುರುಳಿ ರೊಟ್ಟಿ ಮಾಡಿದರೆ ವೆಂಡೆಲ್ ಅಂಚು ಮುರಿದು ತಟ್ಟೆಯಲ್ಲಿಯೇ ಬಿಟ್ಟ. ಹಂದಿ ಕಡಿದ ದಿನ ಅಂಬ್ರುಶ್ ತಂದುಕೊಟ್ಟ ಬಿಸಿ ಸಾಸೇಜಿನ ವಾಸನೆಗೆ ಮುಖ ತಿರುಗಿಸಿದ. ಜನವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ಅಂಬ್ರುಶನನ್ನು ಕರೆಸಿ, ಮೂಳೆಯ ಹಿಡಿಯ ಕಸಿಚಾಕುವನ್ನು ಅವನ ಮುಂದಿಟ್ಟ.

"ಇದನ್ನ ಸಾಣೆ ಹಿಡಿಸ್ಕೊಂಡು ಬಾ."

"ಸಾಣೆ ಹಿಡಿಸೋ ಹಾಗೇ ಇಲ್ವಲ್ಲ ಅಣ್ಣ, ಕೂದಲು ಸೀಳುತ್ತೆ ಇದು."

"ಹಾಗಾದ್ರೆ ಇಟ್ಕೊ."

ಅಂಬ್ರುಶ್ ಚಾಕುವನ್ನು ಮುಟ್ಟಲಿಲ್ಲ. "ನಂಗೆ ನಂದೇ ಇದೆ" ಎಂದು ಟೋಪಿ ಹುಡುಕಿಕೊಂಡು ಹೊರಟ. ಅಷ್ಟರಲ್ಲಿ ವೆಂಡೆಲ್ ಅದನ್ನು ಅವನ ನಿಲುವಂಗಿಯ ಜೇಬಿಗೆ ಹಾಕಿಬಿಟ್ಟಿದ್ದ; ಅದು ಅವನಿಗೆ ತಿಳಿದದ್ದು ಮನೆಗೆ ಹೋದ ಮೇಲೆ. ಒಲೆಯ ಬಳಿ ಬೀನ್ಸ್ ಆರಿಸುತ್ತ ಕುಳಿತಿದ್ದ ಎಟೆಲ್ಕಾ ಎಲ್ಲವನ್ನೂ ನೋಡಿದಳು. ಎದ್ದು ಕಿಟಕಿಗೆ ಹೋಗಿ, ಹಿಮದ ಕೆಳಗೆ ದಿಬ್ಬ ಇರುವಲ್ಲಿಯೇ ಇದೆಯೆಂದು ಖಾತ್ರಿ ಮಾಡಿಕೊಂಡು ಬಂದಳು.

ಫೆಬ್ರವರಿಯ ನಡುವೆ ದಕ್ಷಿಣದ ಗಾಳಿ ಬೀಸಿತು. ಅಂಥದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಎರಡು ದಿನದಲ್ಲಿ ಹಿಮವೆಲ್ಲ ಕರಗಿ ಬೀದಿಯಲ್ಲಿ ಕೆಸರಾಯಿತು. ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು ಹಗಲೆಲ್ಲ ನಿಲ್ಲಲಿಲ್ಲ. ಜೇನುಹುಳುಗಳು ಗೂಡಿನಿಂದ ಹೊರಬಂದು, ಕೂರಲು ಹೂವಿಲ್ಲದೆ ಗೋಡೆಯ ಸುಣ್ಣದ ಮೇಲೆ ಕುಳಿತವು. ಹೆಂಗಸರು ಹಾಸಿಗೆಗಳನ್ನು ಬಿಸಿಲಿಗೆ ಹಾಕಿದರು. ವಯಸ್ಸಾದವರು ಮಾತ್ರ ಕಿಟಕಿ ತೆರೆಯಲಿಲ್ಲ. ಹಿತವಾದ ಆ ಗಾಳಿಯಲ್ಲಿ ಏನೋ ಹುಳಿತ ವಾಸನೆಯಿತ್ತು. ಮುಚ್ಚಿದ ಪಾತ್ರೆಯನ್ನು ಬೇಗ ತೆರೆದಂತೆ.

ಭಾನುವಾರ ಎಟೆಲ್ಕಾ ಚರ್ಚಿನ ಪೂಜೆ ಮುಗಿಸಿಕೊಂಡು ಮರಳುವಾಗ ತಮ್ಮ ಬೇಲಿಯ ಮುಂದೆ ಅಂಬ್ರುಶ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಅವಳ ಕಾಲು ಅಲ್ಲಿಯೇ ನಿಂತಿತು. ಸಾವಿನ ಮನೆಯ ಮುಂದೆ ಮಾತ್ರ ನಮ್ಮ ಗಂಡಸರು ಹಾಗೆ ನಿಲ್ಲುತ್ತಾರೆ.

"ಇಲ್ಲ ಅಕ್ಕ, ಇಲ್ಲ. ಅವರು ಚೆನ್ನಾಗಿದಾರೆ" ಎಂದು ಅವನು ಅವಸರದಿಂದ ಹೇಳಿದ. "ಅಲ್ಲಿ ನೋಡಿ."

ಅಂಗಳದಲ್ಲಿ ಗುಲಾಬಿ ಎದ್ದು ನಿಂತಿತ್ತು. ತಲೆಗೆ ಕಟ್ಟಿದ ದಾರ ಬಿಚ್ಚಿತ್ತು. ಕೊಂಬೆಗಳಿಗೆ ಒದ್ದೆ ಮಣ್ಣು ಮೆತ್ತಿತ್ತು. ಬುಡಕ್ಕೆ ಹೊಸ ಮಣ್ಣು ಒತ್ತಿ ಸಮ ಮಾಡಿತ್ತು. ಪಕ್ಕದ ಬೆಂಚಿನ ಮೇಲೆ ಮುಖ ಕ್ಷೌರ ಮಾಡಿಕೊಂಡು, ಹಬ್ಬದ ಕರಿಯ ತೋಳಿಲ್ಲದ ಅಂಗಿ ತೊಟ್ಟು ವೆಂಡೆಲ್ ಕುಳಿತಿದ್ದ. ಅವನ ಉಗುರುಗಳಲ್ಲಿ ಮಣ್ಣಿತ್ತು.

"ಏನಣ್ಣ ಇದು?"

"ಎಬ್ಬಿಸಿದೆ."

"ಇನ್ನೂ ಫೆಬ್ರವರಿ! ಜೋಸೆಫನ ಹಬ್ಬಕ್ಕೆ ಇನ್ನೂ ತಿಂಗಳಿದೆ."

"ಅದಕ್ಕಿದೆ. ನನಗಿಲ್ಲ" ಎಂದ ವೆಂಡೆಲ್, ಮಳೆ ಬರುತ್ತದೆ ಎಂಬಷ್ಟು ಸಲೀಸಾಗಿ. "ನಾನು ಹೋದ ಮೇಲೆ ಇದು ಒಳಗೇ ಕೊಳೀಬೇಕಾ? ಇಲ್ಲ, ನೀನು ಅಕ್ಕರೆಗೆ ಅಂತ ಎಬ್ಬಿಸಿ ಏನೋ ಒಂದು ಮೈಮೇಲೆ ಎಳ್ಕೊಳ್ಳಬೇಕಾ? ಈಗ ನೋಡು, ಯಾರ ಹಂಗೂ ಇಲ್ಲ. ಮಲಗಿಸಿದೋನು ನಾನು, ಎಬ್ಬಿಸಿದೋನು ನಾನು."

ಅವನ ಮುಖದಲ್ಲಿ ನೆಮ್ಮದಿಯಿತ್ತು. ಎಟೆಲ್ಕಾಳಿಗೆ ಭಯ ಹುಟ್ಟಿಸಿದ್ದು ಆ ನೆಮ್ಮದಿಯೇ. ಅವಳು ಮಾರ್ಟಿನನ ಹಬ್ಬದ ಮರುದಿನ ಕಟ್ಟಿದ ಹಗ್ಗವನ್ನು ಅವನು ಮೆಲ್ಲನೆ ಬಿಚ್ಚಿ, ಸುರುಳಿ ಸುತ್ತಿ, ಅವಳ ಕೈಗೇ ಕೊಟ್ಟಿದ್ದ.

ಮುಂದಿನ ಮೂರು ದಿನ ವೆಂಡೆಲ್ ಹಾಸಿಗೆ ಬಿಟ್ಟೇಳಲಿಲ್ಲ. ನೋವೆಂದು ಹೇಳಲಿಲ್ಲ, ಏನನ್ನೂ ಕೇಳಲಿಲ್ಲ. ಸಾರು ಕೊಟ್ಟರೆ, "ಸಾಕು ಎಟೆಲ್ಕಾ, ನಿಂಗಿರಲಿ" ಎಂದು ಚಮಚ ಪಕ್ಕಕ್ಕಿಟ್ಟ. ಕೆಲಸ ಮುಗಿಸಿ ಬಂಡಿಗೆ ಕಾಯುವ ಕೂಲಿಯಂತೆ ಗೋಡೆಯತ್ತ ಮುಖ ಮಾಡಿ ಮಲಗಿದ. ಹೊರಗೆ ಗುಲಾಬಿಯ ಕೊಂಬೆಗಳಲ್ಲಿ ಕೆಂಪು ಕಣ್ಣುಗಳು ಉಬ್ಬತೊಡಗಿದವು. ಎಟೆಲ್ಕಾ ಅವುಗಳನ್ನು ನೋಡಲಾರದೆ ಕಿಟಕಿಯ ಪರದೆ ಎಳೆದಳು.

ಗುರುವಾರ ನಡುಮಧ್ಯಾಹ್ನ ಗಾಳಿ ನಿಂತಿತು. ಸೂರಿನ ನೀರು ಒಮ್ಮೆಲೇ ಮೌನವಾಯಿತು. ಈಶಾನ್ಯದ ಬಯಲಿನ ಅಂಚಿನಲ್ಲಿ ಸೀಸದ ಬಣ್ಣದ ಗೆರೆಯೊಂದು ಮೂಡಿ ಗಳಿಗೆಗಳಿಗೆಗೂ ದಪ್ಪವಾಗತೊಡಗಿತು. ಮೊದಲೇ ಬಂದಿದ್ದ ಕಾಡುಬಾತುಗಳು ಬಂದ ದಾರಿಯಲ್ಲಿಯೇ ತಗ್ಗಾಗಿ, ಕೂಗದೆ ಹಿಂದಿರುಗಿದವು. ಅಂಬ್ರುಶ್ ಬೇಲಿಯಾಚೆಯಿಂದ ಕೂಗಿದ:

"ಅಕ್ಕಾ! ಬಾವಿಯ ಪಂಪಿಗೆ ಗೋಣಿ ಸುತ್ತಿ. ಸಂಜೆಗೆ ಕಬ್ಬಿಣ ಸೀಳೋ ಚಳಿ ಬರುತ್ತೆ. ಗಿಡದ ಕಥೆ ಏನ್ಮಾಡ್ತೀರಿ? ಕಣ್ಣು ಬಿಟ್ಟಿದೆ ಅದು, ರಸ ಏರಿದೆ. ಈ ಚಳಿ ತಡೆಯಲ್ಲ."

"ನಿನಗೆ ಮಲಗಿಸೋಕೆ ಆಗುತ್ತಾ?"

ಅಂಬ್ರುಶ್ ಸನಿಕೆಗಾಗಿ ಕೈ ಚಾಚಿ, ಅರ್ಧದಲ್ಲಿ ತಡೆದ. "ಆಗುತ್ತೆ. ಆದ್ರೆ ಬೇಗ ಹೇಳಿ. ಕಾಂಡ ಹೆಪ್ಪುಗಟ್ಟಿದ ಮೇಲೆ ಬಗ್ಗಿಸಿದ್ರೆ ಗಾಜಿನ ಹಾಗೆ ಮುರಿಯುತ್ತೆ."

ಎಟೆಲ್ಕಾ ಒಳಗೆ ಹೋದಳು.

"ಅಣ್ಣ, ಗಾಳಿ ತಿರುಗಿದೆ. ಎದ್ದು ಬಾ, ಮತ್ತೆ ಮಲಗಿಸು."

"ಒಂದು ಚಳಿಗಾಲಕ್ಕೆ ಒಂದೇ ಸಲ" ಎಂದ ವೆಂಡೆಲ್ ಗೋಡೆಗೆ. "ಅಂಬ್ರುಶ್‌ಗೆ ಹೇಳು. ಮಲಗಿಸ್ಲಿ, ಮಾರ್ಚ್‌ಗೆ ಎಬ್ಬಿಸ್ಲಿ. ಈಗ ಅದು ಯಾರ ಗಿಡಾನೂ ಅಲ್ಲ."

ಗಿಡ ಉಳಿಯುವ ದಾರಿ ಅಲ್ಲಿ ತೆರೆದೇ ಇತ್ತು. ಅಂಬ್ರುಶನನ್ನು ಒಂದು ಕೂಗು ಕೂಗಿದ್ದರೆ ಸಾಕಿತ್ತು. ಆದರೆ ಎಟೆಲ್ಕಾಳಿಗೆ ಉಳಿಸಬೇಕಾಗಿದ್ದದ್ದು ಗಿಡವಲ್ಲ. ಅವಳು ಹೊರಬಂದು, ಬೇಲಿಯಾಚೆ ಕಾಯುತ್ತಿದ್ದವನಿಗೆ ಕೈಸನ್ನೆಯಿಂದ ಬೇಡವೆಂದು ಹೇಳಿ, ಮತ್ತೆ ಒಳಗೆ ಹೋಗಿ ಅಡುಗೆಮನೆಯ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಒಲೆಯ ಪಕ್ಕದ ಹಾಸಿಗೆಯಿಂದ ತಲೆಯೆತ್ತಿದರೆ ಗಿಡ ಕಾಣುವಂತಾಯಿತು. ಆಮೇಲೆ ಅಂಗಳಕ್ಕೆ ಹೋಗಿ ಕಾಂಡವನ್ನು ಎರಡೂ ಕೈಗಳಿಂದ ಹಿಡಿದು ಬೇಲಿಯ ಕಡೆಗೆ ಎಳೆಯತೊಡಗಿದಳು. ಬಾವಿಗೆ ವಿರುದ್ಧ ದಿಕ್ಕು ಅದು.

ಒಮ್ಮೆ ಎಳೆದಳು. ಬುಡದ ಮಣ್ಣು ಬಿರಿಯಿತು. ಇನ್ನೊಮ್ಮೆ ಎಳೆದಳು. ಒಳಗಿನಿಂದ ಕಿಟಕಿಯ ಗಾಜಿನ ಮೇಲೆ ಗುದ್ದು ಬಿತ್ತು.

"ಆ ಕಡೆ ಅಲ್ಲ ಕಣೇ! ಬಿಡು! ಬಿಡು ಅಂದೆ!"

"ಕೇಳಿಸ್ತಿಲ್ಲ!" ಎಂದು ಕೂಗಿ ಅವಳು ಮತ್ತೆ ಎಳೆದಳು.

ಬಾಗಿಲು ತೆರೆಯಿತು. ವೆಂಡೆಲ್ ಒಳಂಗಿಯಲ್ಲಿಯೇ, ಬರಿಯ ಕಾಲಿಗೆ ಮರದ ಜೋಡು ಸಿಕ್ಕಿಸಿಕೊಂಡು, ಗೋಡೆ ಹಿಡಿದು ಬಂದ. ಅಷ್ಟು ಹೊತ್ತಿಗೆ ಈಶಾನ್ಯದ ಗಾಳಿ ಅಂಗಳಕ್ಕಿಳಿದಿತ್ತು. ಕೆಸರಿನ ಮೇಲೆ ಗಾಜಿನಂತೆ ತೆಳುವಾದ ಮಂಜುಗಡ್ಡೆ ಕಟ್ಟುತ್ತಿತ್ತು. ಎಟೆಲ್ಕಾ ಕುರಿಚರ್ಮದ ನಿಲುವಂಗಿಯನ್ನು ಬೆಂಚಿನ ಮೇಲೆ ಸಿದ್ಧವಾಗಿ ಇಟ್ಟಿದ್ದಳು. ಅದನ್ನು ಹೊದಿಸಲು ಹೋದರೆ ಅವನು ಭುಜದಿಂದ ಕೊಡವಿದ. ತೋಳಿಗೆ ಅಡ್ಡವಾಗುವುದನ್ನು ತೊಟ್ಟು ಅವನು ಎಂದೂ ಗಿಡ ಬಗ್ಗಿಸಿದವನಲ್ಲ.

"ನಲವತ್ತು ವರ್ಷ ಈ ಕಿಟಕೀಲಿ ನೋಡಿದೀಯ. ಹೆಗಲು ಯಾವ ಕಡೆ ಅಂತ ಗೊತ್ತಿಲ್ವಾ ನಿಂಗೆ?"

"ಮರೆತೆ."

ಅವನು ಅವಳ ಮುಖವನ್ನು ದಿಟ್ಟಿಸಿದ. "ಸುಳ್ಳಿ" ಎಂದ. ಆಮೇಲೆ ಮಂಡಿಯೂರಿದ.

ತಡೆಯಲು ಆಗ ಅವಳಿಗೆ ಮನಸ್ಸಾಯಿತು. ಅವನ ಬೆನ್ನು ಒಳಂಗಿಯೊಳಗಿಂದ ಹಕ್ಕಿಯ ಎಲುಬುಗೂಡಿನಂತೆ ಕಾಣುತ್ತಿತ್ತು. ಆದರೆ ಅವನ ಕೈಗಳು ಎಂದಿನ ಕೈಗಳೇ ಆಗಿದ್ದವು. ಗಂಟನ್ನು ತಡವಿ, ಕಾಂಡವನ್ನು ಬಾವಿಯ ಕಡೆಗೆ ತಿರುಗಿಸಿ, ಒತ್ತಿ, ಸಡಿಲಿಸಿ, ಮತ್ತೆ ಒತ್ತಿ, ಹೆಪ್ಪುಗಟ್ಟಲಿದ್ದ ಮರವನ್ನು ಮಾತಾಡಿಸುವಂತೆ ಇಳಿಸಿದವು. "ತುದಿ ಹಿಡಿ. ಬಿಗಿಯಾಗಿ. ಬಿಟ್ಟೀಯ" ಎಂದ. ಅವಳು ಮುಳ್ಳುಗಳ ಮೇಲೆಯೇ ಬಿಗಿಯಾಗಿ ಹಿಡಿದಳು. ಅವನು ಗೂಟ ಬಡಿದ. ಮಣ್ಣನ್ನು ಬೊಗಸೆಯಲ್ಲಿಯೇ ತುಂಬಿ ತುಂಬಿ ಏರಿಸಿದ. ಮೇಲೆ ಮೆಕ್ಕೆಜೋಳದ ದಂಟು ಹಾಸಿ, ಅಂಗೈಯಿಂದ ಎರಡು ಸಲ ತಟ್ಟಿದ.

"ಸರಿ. ಮತ್ತೆ ಕಟ್ಟಿಹಾಕ್ದೆ ನನ್ನ."

"ಹೌದು. ಜೋಸೆಫನ ಹಬ್ಬದ ತನಕ ನೀನು ಎಲ್ಲೂ ಹೋಗೋ ಹಾಗಿಲ್ಲ."

ವೆಂಡೆಲ್ ನಕ್ಕ. ಆ ನಗು ನಡುವೆಯೇ ಕೆಮ್ಮಿಗೆ ತಿರುಗಿತು. ಆ ಕೆಮ್ಮು ಅಂಗಳದಲ್ಲಿ ಆರಂಭವಾಗಿ, ಹೊಸ್ತಿಲು ದಾಟಿ, ಹಾಸಿಗೆಯವರೆಗೂ ಬಂದು, ದೀಪ ಹಚ್ಚಿದ ಮೇಲೂ ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ಅಂಬ್ರುಶ್ ಬೇಲಿಯಿಂದ ಇಣುಕಿ ದಿಬ್ಬವನ್ನು ಕಂಡ. ಊರೆಲ್ಲ ಬಿಳಿಚಿ ಗಡುಸಾಗಿತ್ತು. ಗೋಡೆಯ ಬುಡದಲ್ಲಿ ಜೇನುಹುಳುಗಳು ಹುರಿದ ಕಾಳಿನಂತೆ ಉದುರಿದ್ದವು.

"ಯಾರಕ್ಕ ಮಲಗಿಸಿದ್ದು?"

"ಅವನೇ. ತನ್ನ ಕೈಯಾರೆ."

"ಹಾಗಾದ್ರೆ ಬಿಡಿ, ಇನ್ನು ಭಯ ಇಲ್ಲ" ಎಂದ ಅಂಬ್ರುಶ್, ಸಮಾಧಾನದಿಂದ. ಒಳಗಿನಿಂದ ಬರುತ್ತಿದ್ದ ಸದ್ದು ಕಿವಿಗೆ ಬಿದ್ದಾಗ ಅವನ ಮುಖ ಸಣ್ಣದಾಯಿತು.

ಆ ದಿನಗಳಲ್ಲಿ ವೆಂಡೆಲ್ ಬದುಕಲು ಹೆಣಗಿದ. ಊರಿನವರು ಇದನ್ನು ಇಂದಿಗೂ ಹೇಳುತ್ತಾರೆ. ಮೊದಲು ಬೇಡವೆಂದ ಸಾರನ್ನು ಕೇಳಿ ಕುಡಿದ. ಹೆಬ್ಬಾತಿನ ಕೊಬ್ಬನ್ನು ಎದೆಗೆ ತಿಕ್ಕಲು ಬಿಟ್ಟ. ಪ್ರತಿ ಬೆಳಗ್ಗೆ, "ಯಾವ ದಿನ ಇವತ್ತು?" ಎಂದು ಕೇಳಿದ. ಜ್ವರ ಏರಿದಾಗ ಅವನ ಬೆರಳುಗಳು ಕಂಬಳಿಯ ಮೇಲೆ ಮಣ್ಣು ಕೆದಕಿದವು. ಎಟೆಲ್ಕಾ ಆ ಬೆರಳುಗಳನ್ನು ಹಿಡಿದುಕೊಂಡು ಕುಳಿತಳು. ತಾನು ಕಟ್ಟಿದ ಹಗ್ಗ ಅವನನ್ನು ಈ ದಡದಲ್ಲಿ ಹಿಡಿದಿತ್ತು, ನಿಜ. ಅದು ಹಿಡಿದದ್ದು ಕುತ್ತಿಗೆಗೆ ಬಿದ್ದು. ಮಾರ್ಚ್ ತಿಂಗಳ ಮೊದಲ ವಾರ ಮುಗಿಯುವ ಮುನ್ನ, ಒಂದು ಬೂದು ಬೆಳಗ್ಗೆ, ದಿನ ಯಾವುದೆಂದು ಅವನು ಕೇಳಲಿಲ್ಲ.

ಜೋಸೆಫನ ಹಬ್ಬದಂದು ಹವೆ ತಿಳಿಯಾಗಿತ್ತು. ಊರಿಗೆ ಊರೇ ಮತ್ತೆ ಮಂಡಿಯೂರಿತು. ಬೇಲಿಯಿಂದ ಬೇಲಿಗೆ ಪ್ಲಮ್ ಬ್ರಾಂದಿಯ ಸೀಸೆ ಕೈಬದಲಾಯಿತು. ಎದ್ದ ಗುಲಾಬಿಗಳು ಒದ್ದೆ ತಲೆಗಳನ್ನು ಬಿಸಿಲಿಗೆ ಒಡ್ಡಿ ನಿಂತವು. ಎಟೆಲ್ಕಾ ಕರಿಯ ತಲೆವಸ್ತ್ರ ಬಿಗಿದು ಅಂಗಳಕ್ಕೆ ಬಂದು ದಿಬ್ಬದ ಮುಂದೆ ಕುಳಿತಾಗ ಅಕ್ಕಪಕ್ಕದ ಮಾತುಗಳು ಒಂದೊಂದಾಗಿ ನಿಂತವು.

"ಅಕ್ಕಾ, ಬೇಡ!" ಅಂಬ್ರುಶ್ ಬೇಲಿ ಹಾರಿ ಬಂದ. "ಮುಟ್ಟಬೇಡಿ. ಸತ್ತೋರು ಮಲಗಿಸಿದ್ದು ಅದು. ಲೊರಿಂಟ್ಸ್ ಮುದುಕನ ಮನೇಲಿ ಏನಾಯ್ತು ಮರೆತ್ರಾ?"

"ಮರೆತಿಲ್ಲ. ನಾನು ಯಾವುದನ್ನೂ ಮರೆಯಲ್ಲ."

"ಮತ್ತೆ? ಮನೇಲಿ ಒಬ್ರು ಮಲಗ್ತಾರೆ ಅಕ್ಕ."

"ಈ ಮನೇಲಿ ಇನ್ನು ಮಲಗೋಕೆ ಯಾರಿದಾರೋ, ಅಂಬ್ರುಶ್? ನಾನೊಬ್ಬಳೇ ಅಲ್ವಾ?"

ಎಟೆಲ್ಕಾ ದಂಟುಗಳನ್ನು ಸರಿಸಿದಳು. ಅಣ್ಣ ಬೊಗಸೆಯಲ್ಲಿ ಏರಿಸಿದ ಮಣ್ಣನ್ನು ಬೊಗಸೆಯಲ್ಲಿಯೇ ತೆಗೆದಳು. ಒಂದು ಹೆಂಟೆಯಲ್ಲಿ ಅವನ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿತ್ತು. ಅದನ್ನು ಒಡೆಯದೆ ಪಕ್ಕಕ್ಕಿಟ್ಟಳು. ಗೂಟ ಕಿತ್ತಾಗ ಕಾಂಡ ತಾನಾಗಿಯೇ ತುಸು ಮೇಲೆದ್ದಿತು. ಮುರಿದಿರಲಿಲ್ಲ. ಉಗುರಿನಿಂದ ತೊಗಟೆ ಕೆರೆದು ನೋಡಿದಳು, ಒಳಗೆ ಹಸಿರಿತ್ತು. ಕತ್ತಲೆಯಲ್ಲಿ ಬೆಳೆದ ಚಿಗುರುಗಳು ಕೂಸಿನ ಬೆರಳಿನಂತೆ ಬಿಳಿಚಿದ ಕೆಂಪಾಗಿ ಮುದುಡಿದ್ದವು.

ಗಿಡವನ್ನು ನೆಟ್ಟಗೆ ನಿಲ್ಲಿಸಿ, ಆಸರೆಯ ಕೋಲಿಗೆ ಕಟ್ಟಿ, ಕೈ ಒರೆಸಿಕೊಳ್ಳುತ್ತ ಅವಳು ಅಂಬ್ರುಶನನ್ನು ಹತ್ತಿರ ಕರೆದಳು. ಅವನು ಬರಲಿಲ್ಲ. ಮತ್ತೆ ಕರೆದಳು, ಈ ಸಲ ಅಣ್ಣನ ಗಡಸು ದನಿಯಲ್ಲಿ. ಅವನು ಬಂದು ಪಕ್ಕದಲ್ಲಿ ಕುಳಿತ. ಅವಳು ಅವನ ಕೈ ಹಿಡಿದು ಬುಡದ ತೇವದ ಮಣ್ಣಿನೊಳಗೆ ತೂರಿಸಿ, ಗಂಟಿನ ಮೇಲೆ ಇರಿಸಿದಳು.

"ಬಾವಿಯ ಕಡೆ" ಎಂದಳು. "ಸರಿಯಾಗಿ ತಡವಿ ನೋಡ್ಕೊ. ಮಾರ್ಟಿನನ ಹಬ್ಬಕ್ಕೆ ಇದನ್ನ ಮಲಗಿಸೋನು ನೀನು."